29ನೇ ವಯಸ್ಸಿಗೆ ಸ್ತನ ಕ್ಯಾನ್ಸರ್: ಚಿಕ್ಕ ವಯಸ್ಸು ಅಂದರೆ ಉಳಿಯೋದು ಕಷ್ಟವಾ?

ಪ್ರಶ್ನೆ: ಮೇಡಂ, ನಮ್ಮದು ವಿಜಯನಗರ. ನನ್ನ ತಂಗಿಗೆ 29 ವರ್ಷ, ವೈಟ್‌ಫೀಲ್ಡ್‌ನಲ್ಲಿ ಸಾಫ್ಟ್‌ವೇರ್ ಕೆಲಸ. ಎಡಗಡೆ ಎದೆಯಲ್ಲಿ ಗಂಟು ಕೈಗೆ ಸಿಕ್ಕಿತು. ಮೊದಲು ತೋರಿಸಿದ ಕ್ಲಿನಿಕ್‌ನಲ್ಲಿ ಈ ವಯಸ್ಸಿಗೆ ಏನೂ ಇರಲ್ಲ, ಹಾರ್ಮೋನ್ ಗಂಟು ಅಂತ ಮಾತ್ರೆ ಕೊಟ್ಟು ಕಳಿಸಿದರು. ನಾಲ್ಕು ತಿಂಗಳಾದ ಮೇಲೆ ಬೇರೆ ಕಡೆ ಬಯಾಪ್ಸಿ ಮಾಡಿಸಿದಾಗ ಕ್ಯಾನ್ಸರ್ ಅಂತ ಬಂತು. ಗಂಟು 3.2 ಸೆಂ.ಮೀ., ಕಂಕುಳಿನ ಒಂದು ಗ್ರಂಥಿಯಲ್ಲೂ ಇದೆ. ಗ್ರೇಡ್ 3, ಇಆರ್ ಮತ್ತು ಪಿಆರ್ ಪಾಸಿಟಿವ್, ಹರ್-2 1+, ಕೆಐ-67 ಶೇ. 35. ಬೇರೆಲ್ಲೂ ಹರಡಿಲ್ಲ. ಮುಂದಿನ ವಾರ ಕಿಮೋ ಶುರು ಅಂದಿದ್ದಾರೆ. ಚಿಕ್ಕ ವಯಸ್ಸಿನಲ್ಲಿ ಬಂದರೆ ಉಳಿಯೋದು ಕಷ್ಟ ಅಂತ ಎಲ್ಲ ಕಡೆ ಓದಿದೆ, ನಿಜವಾ? ಎರಡೂ ಎದೆ ತೆಗೆಸಿಬಿಟ್ಟರೆ ಒಳ್ಳೆಯದಾ? ದೊಡ್ಡಪ್ಪ ಮಲೆನಾಡಿನ ನಾಟಿ ಔಷಧಿ ಕೊಡಿಸೋಣ ಅಂತಿದ್ದಾರೆ. ಅವಳಿಗೆ ಮದುವೆ ನಿಶ್ಚಯವಾಗಿದೆ. ಗಂಡಿನ ಕಡೆಯವರಿಗೆ ಏನು ಹೇಳೋದು, ಮುಂದೆ ಮಕ್ಕಳಾಗುತ್ತಾ, ಒಂದೂ ತೋಚುತ್ತಿಲ್ಲ.

ಉತ್ತರ: ಮಕ್ಕಳ ವಿಷಯವನ್ನು ನೀವು ಕೊನೆಯಲ್ಲಿ ಕೇಳಿದ್ದೀರಿ. ನಾನು ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ, ಯಾಕೆಂದರೆ ಕಿಮೋ ಮುಂದಿನ ವಾರ ಅಂದಿದ್ದೀರಿ. ಕಿಮೋ ಒಮ್ಮೆ ಶುರುವಾದರೆ ಈ ವಿಷಯದಲ್ಲಿ ಮಾಡಬಹುದಾದದ್ದು ತುಂಬಾ ಕಡಿಮೆ. ನಾಳೆ ಬೆಳಿಗ್ಗೆಯೇ ನಿಮ್ಮ ಆಂಕಾಲಜಿಸ್ಟ್‌ಗೆ ಫೋನ್ ಮಾಡಿ. "ಅಂಡಾಣು ತೆಗೆದಿಡುವ ಬಗ್ಗೆ ಮಾತಾಡಬೇಕು, ಅದಕ್ಕೆ ಎರಡು ವಾರ ಸಮಯ ಸಿಗುತ್ತಾ?" ಅಂತ ನೇರವಾಗಿ ಕೇಳಿ. ಅವರು ಹೇಳಲಿಲ್ಲ ಅಂದರೆ ಅಗತ್ಯವಿಲ್ಲ ಅಂತ ಅರ್ಥ ಮಾಡಿಕೊಳ್ಳಬೇಡಿ. ಓಪಿಡಿ ಗಲಾಟೆಯಲ್ಲಿ ಎಷ್ಟೋ ಸಲ ಈ ಮಾತು ಬರೋದೇ ಇಲ್ಲ. ಮದುವೆಯಾಗದ ಹುಡುಗಿಯಾದರೆ ಅಪ್ಪ ಅಮ್ಮನ ಎದುರು ಕೇಳೋದಕ್ಕೆ ಅವಳಿಗೂ ಸಂಕೋಚ, ಹೇಳೋದಕ್ಕೆ ಡಾಕ್ಟರಿಗೂ ಸಂಕೋಚ.

ಕೆಲಸ ಏನೂ ದೊಡ್ಡದಲ್ಲ. ಹತ್ತು ಹನ್ನೆರಡು ದಿನ ಹೊಟ್ಟೆಗೆ ಹಾರ್ಮೋನ್ ಇಂಜೆಕ್ಷನ್ ಕೊಡುತ್ತಾರೆ, ನಡುನಡುವೆ ಸ್ಕ್ಯಾನಿಂಗ್ ಮಾಡುತ್ತಾರೆ, ಕೊನೆಗೆ ಸ್ವಲ್ಪ ಹೊತ್ತು ಮಂಪರು ಕೊಟ್ಟು ಸೂಜಿಯಿಂದ ಅಂಡಾಣು ತೆಗೆಯುತ್ತಾರೆ. ಮುಟ್ಟಿನ ಎರಡನೇ ದಿನದವರೆಗೆ ಕಾಯಬೇಕು ಅನ್ನೋದು ಹಳೇ ಪದ್ಧತಿ, ಈಗ ಯಾವ ದಿನ ಬೇಕಾದರೂ ಶುರು ಮಾಡಬಹುದು. ಹಾರ್ಮೋನ್ ಪಾಸಿಟಿವ್ ಕ್ಯಾನ್ಸರ್ (ಇಆರ್, ಪಿಆರ್ ಪಾಸಿಟಿವ್ ಅಂದರೆ ಇದೇ, ಹೆಣ್ಣಿನ ಹಾರ್ಮೋನಿನಿಂದ ಬೆಳೆಯುವ ಕ್ಯಾನ್ಸರ್) ಇರುವಾಗ ಹಾರ್ಮೋನ್ ಇಂಜೆಕ್ಷನ್ನಾ ಅಂತ ನಿಮಗೆ ಭಯ ಆಗಬಹುದು. ಅದಕ್ಕೇ ಜೊತೆಯಲ್ಲಿ ಲೆಟ್ರೊಜೋಲ್ ಮಾತ್ರೆ ಕೊಟ್ಟು ಈಸ್ಟ್ರೋಜನ್ ಏರದ ಹಾಗೆ ನೋಡಿಕೊಳ್ಳುತ್ತಾರೆ. 2021ರ ಕಾನೂನಿನ ಪ್ರಕಾರ ಮದುವೆಯಾಗದ ಹೆಣ್ಣುಮಕ್ಕಳೂ ಅಂಡಾಣು ಇಡಿಸಬಹುದು, 10 ವರ್ಷದವರೆಗೆ ಇಡುತ್ತಾರೆ. ಹುಡುಗ ಗೊತ್ತಾಗಿದ್ದಾನಲ್ಲ, ಭ್ರೂಣವನ್ನೇ ಮಾಡಿಡೋಣ ಅಂತ ಯಾರಾದರೂ ಅಂದರೆ ಬೇಡ ಅನ್ನಿ. ಅಂಡಾಣುವಾಗಿಯೇ ಇರಲಿ. ಅದು ನಿಮ್ಮ ತಂಗಿಯೊಬ್ಬಳದು, ಮುಂದೆ ಏನೇ ಆದರೂ ಅದರ ನಿರ್ಧಾರ ಅವಳದೇ. ಅಂಡಾಣು ಇಟ್ಟ ಮಾತ್ರಕ್ಕೆ ಮಗು ಖಚಿತ ಅಂತಲ್ಲ, ಆದರೆ ಒಂದು ದಾರಿ ತೆರೆದಿರುತ್ತದೆ.

ಇದರ ಜೊತೆಗೆ ಕಿಮೋ ನಡೆಯುವಷ್ಟು ದಿನ ತಿಂಗಳಿಗೊಂದು ಗೋಸೆರೆಲಿನ್ ಇಂಜೆಕ್ಷನ್ ಕೊಡಬಹುದಾ ಅಂತಲೂ ಕೇಳಿ. ಅದು ಅಂಡಾಶಯವನ್ನು ತಾತ್ಕಾಲಿಕವಾಗಿ ಮಲಗಿಸಿಡುತ್ತದೆ. 2015ರಲ್ಲಿ ಪ್ರಕಟವಾದ ಪೋಯೆಮ್ಸ್ ಅಧ್ಯಯನದಲ್ಲಿ ಈ ಇಂಜೆಕ್ಷನ್ ತೆಗೆದುಕೊಂಡವರಲ್ಲಿ ನೂರಕ್ಕೆ 8 ಜನರ ಅಂಡಾಶಯ ಕೆಲಸ ನಿಲ್ಲಿಸಿತು, ತೆಗೆದುಕೊಳ್ಳದವರಲ್ಲಿ 22 ಜನರದ್ದು. ಆ ಅಧ್ಯಯನ ಹಾರ್ಮೋನ್ ನೆಗೆಟಿವ್ ಇದ್ದವರ ಮೇಲೆ ನಡೆದದ್ದು. ನಿಮ್ಮ ತಂಗಿಯಂಥ ಪಾಸಿಟಿವ್ ಕೇಸಿನಲ್ಲೂ ಈಗ ಇದನ್ನು ಬಳಸುತ್ತಾರೆ.

ಈಗ ನಿಮ್ಮ ಮೊದಲ ಪ್ರಶ್ನೆ. ಚಿಕ್ಕ ವಯಸ್ಸಿನವರ ಫಲಿತಾಂಶ ಒಟ್ಟಾರೆ ನೋಡಿದರೆ ಐವತ್ತು ಅರವತ್ತರ ಹೆಂಗಸರಷ್ಟು ಚೆನ್ನಾಗಿಲ್ಲ. ಇದು ನಿಜ, ಮುಚ್ಚಿಡೋದಿಲ್ಲ. ಆದರೆ ಅದರಿಂದ "ನನ್ನ ತಂಗಿ ಉಳಿಯೋದು ಕಷ್ಟ" ಅನ್ನೋ ತೀರ್ಮಾನಕ್ಕೆ ಬಂದರೆ ಅದು ತಪ್ಪು. ಹುಟ್ಟಿದ ವರ್ಷ ನೋಡಿ ಕ್ಯಾನ್ಸರ್ ವರ್ತಿಸೋದಿಲ್ಲ. 15ರಿಂದ 39 ವರ್ಷದವರಲ್ಲಿ ಫಲಿತಾಂಶ ಕೆಳಗಿಳಿಸುವ ಕಾರಣಗಳು ಬೇರೆ ಇವೆ, ಅವುಗಳಲ್ಲಿ ಕೆಲವು ನಿಮ್ಮ ಕೈಯಲ್ಲೇ ಇವೆ. ನೀವು ಶಕ್ತಿ ಹಾಕಬೇಕಾದ್ದು ಅಲ್ಲಿ.

ಮೊದಲನೇ ಕಾರಣ ಕ್ಯಾನ್ಸರಿನ ಜಾತಿ. ಚಿಕ್ಕವರಲ್ಲಿ ಟ್ರಿಪಲ್ ನೆಗೆಟಿವ್ (ಇಆರ್, ಪಿಆರ್, ಹರ್-2 ಮೂರೂ ನೆಗೆಟಿವ್) ಮತ್ತು ಹರ್-2 ಪಾಸಿಟಿವ್ (ಹರ್-2 ಅನ್ನೋ ಪ್ರೋಟೀನ್ ಜಾಸ್ತಿ ಇರುವುದು) ಸ್ವಲ್ಪ ಜಾಸ್ತಿ ಕಾಣುತ್ತವೆ, ಗ್ರೇಡ್ ಕೂಡ ಮೇಲಿರುತ್ತದೆ. ಎರಡನೆಯದು ಕಾಯಿಲೆ ತಡವಾಗಿ ಪತ್ತೆಯಾಗೋದು. ಮೂರನೆಯದು, ಇದನ್ನು ಜನ ಅಷ್ಟಾಗಿ ಮಾತಾಡೋದಿಲ್ಲ, ಹಾರ್ಮೋನ್ ಪಾಸಿಟಿವ್ ಕ್ಯಾನ್ಸರ್ ಇದ್ದೂ ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಯನ್ನು ಚಿಕ್ಕವರು ಅರ್ಧಕ್ಕೇ ಬಿಡೋದು. ಟ್ರಿಪಲ್ ನೆಗೆಟಿವ್ ಅಥವಾ ಹರ್-2 ಪಾಸಿಟಿವ್ ಇರುವವರಲ್ಲಿ 30ರ ಹೆಂಗಸಿಗೂ 55ರ ಹೆಂಗಸಿಗೂ ಫಲಿತಾಂಶದಲ್ಲಿ ಅಷ್ಟೇನೂ ವ್ಯತ್ಯಾಸ ಕಾಣೋದಿಲ್ಲ. ವಯಸ್ಸಿನ ವ್ಯತ್ಯಾಸ ಎದ್ದು ಕಾಣೋದು ಹಾರ್ಮೋನ್ ಪಾಸಿಟಿವ್ ಗುಂಪಿನಲ್ಲಿ. ಅಂದರೆ ನಿಮ್ಮ ತಂಗಿಯ ಗುಂಪಿನಲ್ಲಿ. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಅವಳ ರಿಪೋರ್ಟನ್ನೇ ಒಂದೊಂದಾಗಿ ಓದಿಕೊಂಡು ಹೋಗುತ್ತೇನೆ. 3.2 ಸೆಂ.ಮೀ. ಗಂಟು, ಕಂಕುಳಿನಲ್ಲಿ ಒಂದು ಗ್ರಂಥಿ, ಬೇರೆಲ್ಲೂ ಇಲ್ಲ. ಇದು ಎರಡನೇ ಹಂತ, ಡಾಕ್ಟರರು 2ಬಿ ಅಂತ ಬರೆಯುತ್ತಾರೆ. ವಾಸಿ ಮಾಡುವ ಉದ್ದೇಶದಿಂದಲೇ ಚಿಕಿತ್ಸೆ ಕೊಡುವ ಹಂತ ಇದು. ಇಆರ್, ಪಿಆರ್ ಪಾಸಿಟಿವ್ ಅಂದರೆ ಈ ಗಂಟು ಈಸ್ಟ್ರೋಜನ್ ತಿಂದು ಬೆಳೆಯುತ್ತಿದೆ, ಅದರ ಊಟ ನಿಲ್ಲಿಸುವ ಔಷಧಿ ನಮ್ಮ ಹತ್ತಿರ ಇದೆ. ಹರ್-2 1+ ಅಂದರೆ ನೆಗೆಟಿವ್ ಅಂತಲೇ ಲೆಕ್ಕ. 2+ ಬಂದಿದ್ದರೆ ಫಿಶ್ ಅನ್ನೋ ಇನ್ನೊಂದು ಪರೀಕ್ಷೆ ಬೇಕಾಗುತ್ತಿತ್ತು. ಗ್ರೇಡ್ 3 ಮತ್ತು ಕೆಐ-67 ಶೇ. 35, ಎರಡೂ ಸೇರಿ ಹೇಳೋದು ಒಂದೇ, ಜೀವಕೋಶಗಳು ಬೇಗ ಬೇಗ ಒಡೆದು ಬೆಳೆಯುತ್ತಿವೆ. ಅದಕ್ಕೇ ಕಿಮೋ. ಮುಟ್ಟು ಇನ್ನೂ ನಿಲ್ಲದವರಲ್ಲಿ, ಗ್ರಂಥಿಗೆ ಬಂದಿರುವಾಗ, ಕಿಮೋ ಕೊಟ್ಟರೆ ಲಾಭ ಇದೆ ಅಂತ ದೊಡ್ಡ ಅಧ್ಯಯನದಲ್ಲೇ ಗೊತ್ತಾಗಿದೆ.

ಇನ್ನು ನೀವು ಓದಿದ ಅಂಕಿಗಳ ವಿಷಯ. ನಮ್ಮ ದೇಶದ 11 ಕಡೆಯ ಕ್ಯಾನ್ಸರ್ ನೋಂದಣಿಯಲ್ಲಿ 2012ರಿಂದ 2015ರವರೆಗೆ ಪತ್ತೆಯಾದ ಎಲ್ಲ ವಯಸ್ಸಿನವರನ್ನೂ ಲೆಕ್ಕ ಹಾಕಿದಾಗ, ಸ್ತನಕ್ಕಷ್ಟೇ ಸೀಮಿತವಾಗಿದ್ದಾಗ ಸಿಕ್ಕಿದವರಲ್ಲಿ 5 ವರ್ಷದ ಉಳಿವು ಶೇ. 81. ಅಕ್ಕಪಕ್ಕದ ಗ್ರಂಥಿಗೆ ಬಂದಿದ್ದರೆ ಶೇ. 65.5. ದೂರಕ್ಕೆ ಹರಡಿದ್ದರೆ ಶೇ. 18.3. ಈ ಮೂರು ಅಂಕಿಯ ನಡುವಿನ ಅಂತರ ನೋಡಿ. ವಯಸ್ಸಿಗಿಂತ ದೊಡ್ಡ ವ್ಯತ್ಯಾಸ ಮಾಡೋದು ಎಷ್ಟು ಬೇಗ ಸಿಕ್ಕಿತು ಅನ್ನೋದು. ಮಧ್ಯದ ಅಂಕಿ ನೋಡಿ ನೀವು ಕುಸಿಯಬೇಡಿ. ಅದರಲ್ಲಿ ಒಂದು ಗ್ರಂಥಿಗೆ ಬಂದವರೂ ಇದ್ದಾರೆ, ಹತ್ತು ಗ್ರಂಥಿಗೆ ಬಂದವರೂ ಇದ್ದಾರೆ, ದುಡ್ಡಿಲ್ಲದೆ ಎರಡು ಕಿಮೋಗೇ ನಿಲ್ಲಿಸಿದವರೂ ಇದ್ದಾರೆ. ಬರೀ ಚಿಕ್ಕವರ ಅಂಕಿ ಬೇಕು ಅಂದರೆ ಬ್ರಿಟನ್‌ನ ಪಾಶ್ ಅಧ್ಯಯನ ಇದೆ. 40 ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ 2,733 ಮಹಿಳೆಯರು, ಹತ್ತು ವರ್ಷದ ನಂತರ ನೂರರಲ್ಲಿ 70ಕ್ಕೂ ಹೆಚ್ಚು ಜನ ಬದುಕಿದ್ದರು. ಅವರೆಲ್ಲ 2000ದಿಂದ 2008ರ ನಡುವೆ ಸೇರಿದವರು. ಈಗ ನಿಮ್ಮ ತಂಗಿಗೆ ಸಿಗುವ ಕೆಲವು ಔಷಧಿಗಳು ಅವರ ಕಾಲಕ್ಕೆ ಇರಲೇ ಇಲ್ಲ.

ಅದಕ್ಕಿಂತ ನನಗೆ ಮುಖ್ಯ ಅನಿಸೋದು ಸಾಫ್ಟ್ ಅನ್ನೋ ಅಧ್ಯಯನದ ಒಂದು ಸಣ್ಣ ಭಾಗ, 2015ರಲ್ಲಿ ಬಂದದ್ದು. ಹಾರ್ಮೋನ್ ಪಾಸಿಟಿವ್ ಇದ್ದ, 35ಕ್ಕಿಂತ ಚಿಕ್ಕ ವಯಸ್ಸಿನ ಸುಮಾರು 350 ಹೆಂಗಸರು. ಹೆಚ್ಚುಕಡಿಮೆ ಎಲ್ಲರೂ ಕಿಮೋ ತೆಗೆದುಕೊಂಡವರೇ. ಬರೀ ಟಾಮಾಕ್ಸಿಫೆನ್ (ಕ್ಯಾನ್ಸರ್ ಕೋಶಕ್ಕೆ ಈಸ್ಟ್ರೋಜನ್ ಸಿಗದ ಹಾಗೆ ತಡೆಯುವ) ಮಾತ್ರೆ ತೆಗೆದುಕೊಂಡವರಲ್ಲಿ 5 ವರ್ಷಕ್ಕೆ ಕ್ಯಾನ್ಸರ್ ಮರುಕಳಿಸದೆ ಇದ್ದವರು ಶೇ. 67.7. ಅದೇ ಮಾತ್ರೆಯ ಜೊತೆ ಅಂಡಾಶಯ ಮಲಗಿಸುವ ಇಂಜೆಕ್ಷನ್ ಸೇರಿಸಿದಾಗ ಶೇ. 78.9. ಟಾಮಾಕ್ಸಿಫೆನ್ ಬದಲು ಎಕ್ಸೆಮೆಸ್ಟೇನ್ (ದೇಹದಲ್ಲಿ ಈಸ್ಟ್ರೋಜನ್ ತಯಾರಾಗೋದನ್ನೇ ತಗ್ಗಿಸುವ ಮಾತ್ರೆ) ಕೊಟ್ಟು ಇಂಜೆಕ್ಷನ್ನೂ ಕೊಟ್ಟಾಗ ಶೇ. 83.4. ವಯಸ್ಸು ಅದೇ, ಕಾಯಿಲೆ ಅದೇ. ಬದಲಾದದ್ದು ಚಿಕಿತ್ಸೆ ಮಾತ್ರ. ಇಂಟರ್‌ನೆಟ್‌ನಲ್ಲಿ ಚಿಕ್ಕ ವಯಸ್ಸಿನವರ ಬಗ್ಗೆ ಹೆದರಿಸುವ ಸಾಲು ಕಂಡಾಗಲೆಲ್ಲ ಈ ಮೂರು ಅಂಕಿ ನೆನಪು ಮಾಡಿಕೊಳ್ಳಿ.

ಅದಕ್ಕೇ ಕಿಮೋ, ಆಪರೇಷನ್, ರೇಡಿಯೇಷನ್ ಮುಗಿದ ದಿನ ಮನೆಯಲ್ಲಿ "ಎಲ್ಲ ಮುಗೀತು" ಅಂತ ಹೇಳಬೇಡಿ ಅನ್ನುತ್ತೇನೆ. ನಿಮ್ಮ ತಂಗಿಯ ಮಟ್ಟಿಗೆ ದೊಡ್ಡ ಭಾಗ ಶುರುವಾಗೋದೇ ಆಗ. ನಾನು ನೋಡಿದ ಹಾಗೆ ಆಗೋದು ಹೀಗೆ. ಕೂದಲು ಬಂದಿರುತ್ತದೆ, ಹುಡುಗಿ ಆಫೀಸಿಗೆ ಹೋಗುತ್ತಿರುತ್ತಾಳೆ, ನೋಡಿದವರೆಲ್ಲ ಚೆನ್ನಾಗಿದ್ದೀಯಲ್ಲ ಅನ್ನುತ್ತಾರೆ. ಆದರೆ ಇಂಜೆಕ್ಷನ್‌ನಿಂದ 30ಕ್ಕೇ ಮುಟ್ಟು ನಿಂತ ಹಾಗೆ. ಮೀಟಿಂಗ್‌ನಲ್ಲಿ ಕೂತಿರುವಾಗ ಇದ್ದಕ್ಕಿದ್ದ ಹಾಗೆ ಮೈಯೆಲ್ಲ ಬಿಸಿಯಾಗಿ ಬೆವರು ಕಿತ್ತುಕೊಂಡು ಬರುತ್ತದೆ, ರಾತ್ರಿ ನಿದ್ದೆ ಇಲ್ಲ, ಬೆಳಿಗ್ಗೆ ಎದ್ದರೆ ಬೆರಳಿನ ಗೆಣ್ಣು ಹಿಡಿದುಕೊಂಡಿರುತ್ತದೆ, ಗಂಡನ ಜೊತೆ ಸೇರೋದು ನೋವು. ಇದನ್ನು ಯಾರಿಗೂ ಹೇಳೋದಿಲ್ಲ. ಮೊದಲು ಒಂದು ವಾರ ಮಾತ್ರೆ ಬಿಟ್ಟು ನೋಡುತ್ತಾಳೆ, ಹಾಯ್ ಅನಿಸುತ್ತದೆ. ಆಮೇಲೆ ಪೂರ್ತಿ ಬಿಡುತ್ತಾಳೆ. ಚೆಕಪ್‌ಗೆ ಬಂದಾಗ ಕೇಳಿದರೆ "ತಗೋತಿದೀನಿ ಮೇಡಂ" ಅನ್ನುತ್ತಾಳೆ. ಇದು ನಮ್ಮೂರಲ್ಲಿ ಮಾತ್ರ ಅಂದುಕೊಳ್ಳಬೇಡಿ. ಫ್ರಾನ್ಸ್‌ನಲ್ಲಿ ಮುಟ್ಟು ನಿಲ್ಲದ 1,177 ಹೆಂಗಸರ ರಕ್ತದಲ್ಲಿ ಟಾಮಾಕ್ಸಿಫೆನ್ ಅಳೆದು ನೋಡಿದರು. ಒಂದು ವರ್ಷಕ್ಕೇ ನೂರಕ್ಕೆ 16 ಜನರ ರಕ್ತದಲ್ಲಿ ಇರಬೇಕಾದಷ್ಟು ಔಷಧಿ ಇರಲಿಲ್ಲ.

ಬೈದರೆ ಇದು ಸರಿಹೋಗೋದಿಲ್ಲ. ಬಿಸಿ ಹತ್ತೋದಕ್ಕೆ ವೆನ್ಲಾಫ್ಯಾಕ್ಸಿನ್ ಥರದ ಮಾತ್ರೆ ಇದೆ. ಟಾಮಾಕ್ಸಿಫೆನ್ ತೆಗೆದುಕೊಳ್ಳುವವರಿಗೆ ಮಾತ್ರ ಪ್ಯಾರಾಕ್ಸೆಟಿನ್, ಫ್ಲೂಆಕ್ಸೆಟಿನ್ ಆಗಿಬರೋದಿಲ್ಲ, ಅವು ಟಾಮಾಕ್ಸಿಫೆನ್ ಕೆಲಸ ತಗ್ಗಿಸುತ್ತವೆ. ಯಾವುದೇ ಡಾಕ್ಟರ್ ಖಿನ್ನತೆಗೆ ಮಾತ್ರೆ ಬರೆದರೂ ಇದನ್ನು ಹೇಳಿ. ಕೀಲು ನೋವಿಗೆ ದಿನಾ ನಡಿಗೆ, ವ್ಯಾಯಾಮ ನಿಜವಾಗಿಯೂ ಸಹಾಯ ಮಾಡುತ್ತದೆ. ಒಂದು ಮಾತ್ರೆ ಹಿಡಿಸದಿದ್ದರೆ ಇನ್ನೊಂದಕ್ಕೆ ಬದಲಾಯಿಸಬಹುದು. ಮೂಳೆ ಸವೆಯುತ್ತದೆ, ಅದಕ್ಕೆ ಡೆಕ್ಸಾ ಸ್ಕ್ಯಾನ್, ಕ್ಯಾಲ್ಸಿಯಂ, ವಿಟಮಿನ್ ಡಿ. ಇಷ್ಟೆಲ್ಲ ದಾರಿ ಇರುವಾಗ ಸುಮ್ನೆ ಸಹಿಸಿಕೊಂಡು ಕೊನೆಗೆ ಬಿಟ್ಟುಬಿಡೋದು ನನಗೆ ತುಂಬಾ ಸಂಕಟ ಕೊಡುವ ವಿಷಯ. ನೀವು ಅಕ್ಕ, ನಿಮ್ಮ ಹತ್ತಿರ ಅವಳು ಹೇಳಿಕೊಳ್ಳುತ್ತಾಳೆ. "ಮಾತ್ರೆ ತಗೊಂಡ್ಯಾ" ಅಂತ ಕೇಳೋದಕ್ಕಿಂತ "ಮಾತ್ರೆ ಏನು ತೊಂದರೆ ಕೊಡ್ತಿದೆ" ಅಂತ ಕೇಳಿ.

ಅಂಡಾಶಯ ಮಲಗಿಸುವ ಇಂಜೆಕ್ಷನ್ ಬಗ್ಗೆ ಇನ್ನೆರಡು ಮಾತು. 28 ದಿನಕ್ಕೊಮ್ಮೆ ಹೊಟ್ಟೆಯ ಚರ್ಮದ ಕೆಳಗೆ ಕೊಡುತ್ತಾರೆ. ಸೂಜಿ ಸ್ವಲ್ಪ ದಪ್ಪ, ಅಕ್ಕಿಕಾಳಿನಂಥ ಔಷಧಿ ಒಳಗೆ ಇಡುತ್ತಾರೆ. ದಿನ ತಪ್ಪಬಾರದು. ಹಬ್ಬಕ್ಕೆ ಊರಿಗೆ ಹೋಗಿದ್ದೆ, ಹತ್ತು ದಿನ ಲೇಟಾಯ್ತು ಅನ್ನೋದು ನಡೆಯೋದಿಲ್ಲ. ಎಕ್ಸೆಮೆಸ್ಟೇನ್, ಲೆಟ್ರೊಜೋಲ್ ಥರದ ಮಾತ್ರೆ ಕೆಲಸ ಮಾಡಬೇಕಾದರೆ ಅಂಡಾಶಯ ನಿಜಕ್ಕೂ ಮಲಗಿರಬೇಕು. ಕಿಮೋ ಆದ ಮೇಲೆ ಮುಟ್ಟು ನಿಂತಿತು ಅಂತ ಇಂಜೆಕ್ಷನ್ ಇಲ್ಲದೆ ಬರೀ ಆ ಮಾತ್ರೆ ಕೊಟ್ಟರೆ, ಚಿಕ್ಕ ವಯಸ್ಸಿನಲ್ಲಿ ಅಂಡಾಶಯ ಮತ್ತೆ ಎಚ್ಚರವಾಗುವ ಸಾಧ್ಯತೆ ಜಾಸ್ತಿ. ಅಂಡಾಶಯ ಮಲಗಿದೆಯಾ ಅಂತ ತಿಳಿಯೋದಕ್ಕೆ ಆಗಾಗ ಎಸ್ಟ್ರಡಯಾಲ್ (ಈಸ್ಟ್ರೋಜನ್) ರಕ್ತಪರೀಕ್ಷೆ ಮಾಡಿಸಿ. ಮುಟ್ಟು ಇಲ್ಲ ಅಂದಮಾತ್ರಕ್ಕೆ ಗರ್ಭ ನಿಲ್ಲೋದಿಲ್ಲ ಅಂತಲೂ ಅಲ್ಲ. ಈ ಔಷಧಿ ನಡೆಯುವಾಗ ಗರ್ಭ ನಿಲ್ಲಬಾರದು, ಗರ್ಭನಿರೋಧಕ ಮಾತ್ರೆಯೂ ಬೇಡ. ಕಾಂಡೋಮ್ ಅಥವಾ ಕಾಪರ್-ಟಿ ಸರಿ. ಗ್ರಂಥಿ ಪಾಸಿಟಿವ್ ಜೊತೆಗೆ ಗ್ರೇಡ್ 3 ಇರೋದರಿಂದ ಅಬೆಮಾಸಿಕ್ಲಿಬ್ ಅನ್ನೋ, ಕ್ಯಾನ್ಸರ್ ಕೋಶ ಒಡೆದು ಬೆಳೆಯೋದನ್ನು ತಡೆಯುವ ಮಾತ್ರೆ 2 ವರ್ಷ ಸೇರಿಸುವ ಬಗ್ಗೆಯೂ ನಿಮ್ಮ ಆಂಕಾಲಜಿಸ್ಟನ್ನು ಕೇಳಿ. ದುಬಾರಿ, ಭೇದಿ ಜಾಸ್ತಿ, ಆದರೆ ನಿಮ್ಮ ತಂಗಿಯಂಥವರಿಗೇ ಅಂತ ಪರೀಕ್ಷಿಸಿದ ಔಷಧಿ ಅದು.

ಕಳೆದುಹೋದ ನಾಲ್ಕು ತಿಂಗಳ ಬಗ್ಗೆ ನಿಮಗೆ ಕೋಪ ಇದೆ, ಅದು ನ್ಯಾಯವೇ. ಆದರೆ ಆ ನಾಲ್ಕು ತಿಂಗಳಲ್ಲಿ ಎಷ್ಟು ಬೆಳೆಯಿತು ಅಂತ ಈಗ ಯಾರೂ ಅಳೆದು ಹೇಳಲಾರರು, ಅದರ ಹಿಂದೆ ಬಿದ್ದು ನಿದ್ದೆ ಕೆಡಿಸಿಕೊಳ್ಳಬೇಡಿ. ಇದನ್ನು ಓದುವ ಬೇರೆಯವರಿಗಾಗಿ ಒಂದು ಮಾತು ಹೇಳಲೇಬೇಕು. ಇಪ್ಪತ್ತು ಮೂವತ್ತರ ಹುಡುಗಿಯರ ಎದೆಯಲ್ಲಿ ಸಿಗುವ ಗಂಟು ಹೆಚ್ಚಿನಂಶ ಫೈಬ್ರೊಅಡಿನೋಮಾ, ಏನೂ ಮಾಡದ ಗಂಟು. ಹಾಗಂತ ಕೈಯಲ್ಲಿ ಮುಟ್ಟಿ ನೋಡಿಯೇ ಅದು ಅದೇ ಅಂತ ಯಾರೂ ಹೇಳಬಾರದು. ಡಾಕ್ಟರ್ ಕೈಯಲ್ಲಿ ಪರೀಕ್ಷೆ, ಆಮೇಲೆ ಅಲ್ಟ್ರಾಸೌಂಡ್, ಸಂಶಯ ಇದ್ದರೆ ದಪ್ಪ ಸೂಜಿಯ ಬಯಾಪ್ಸಿ, ಈ ಮೂರೂ ಒಂದೇ ಮಾತು ಹೇಳಬೇಕು. ಚಿಕ್ಕವರ ಎದೆ ಒತ್ತಾಗಿರುತ್ತದೆ, ಮ್ಯಾಮೊಗ್ರಾಮ್‌ನಲ್ಲಿ ಬೆಳ್ಳಗೆ ಕಾಣುವುದರಿಂದ ಗಂಟು ಅದರಲ್ಲಿ ಮರೆಯಾಗುತ್ತದೆ. ಹಾಗಾಗಿ ಮ್ಯಾಮೊಗ್ರಾಮ್ ನಾರ್ಮಲ್ ಬಂತು ಅಂತ ಗಂಟನ್ನು ಬಿಡಬೇಡಿ. ಮುಂದಿನ ಮುಟ್ಟು ಮುಗಿದರೂ ಹೋಗದ ಗಂಟನ್ನು ಸ್ಕ್ಯಾನ್ ಮಾಡಿಸಲೇಬೇಕು.

ಬಾಣಂತಿಯರಲ್ಲಿ ಇನ್ನೂ ಕಷ್ಟ. ಹಾಲು ಕಟ್ಟಿಕೊಂಡಿದೆ ಅಂತ ಬಿಸಿ ಶಾಖ ಕೊಟ್ಟು, ಎಣ್ಣೆ ಹಚ್ಚಿ ತಿಂಗಳುಗಳು ಕಳೆಯುತ್ತವೆ. ಹಾಲು ಕಟ್ಟಿದ್ದು ದಿನಗಳಲ್ಲಿ ಕರಗುತ್ತದೆ. ಎರಡು ವಾರವಾದರೂ ಕರಗದಿದ್ದರೆ ಹಾಲೂಡಿಸುತ್ತಿರುವಾಗಲೇ ಸ್ಕ್ಯಾನಿಂಗ್ ಮಾಡಬಹುದು, ಬಯಾಪ್ಸಿಯನ್ನೂ ಮಾಡಬಹುದು. ಬಸುರಿಯಲ್ಲಿ ಕ್ಯಾನ್ಸರ್ ಸಿಕ್ಕಿದರೂ ಮೂರು ತಿಂಗಳು ದಾಟಿದ ಮೇಲೆ ಕೆಲವು ಕಿಮೋ ಕೊಡುತ್ತಾರೆ, ಮಗುವನ್ನು ಉಳಿಸಿಕೊಂಡೇ ಚಿಕಿತ್ಸೆ ನಡೆಯುತ್ತದೆ.

ಬೆಂಗಳೂರಿನಲ್ಲಿ ಎಲ್ಲಿ ನೋಡಿದರೂ ಚಿಕ್ಕವರಿಗೇ ಬರುತ್ತಿದೆ ಅಂತ ನಿಮಗೆ ಅನಿಸುತ್ತಿರಬಹುದು. ಕಿದ್ವಾಯಿ ಸಂಸ್ಥೆಯಲ್ಲಿ 1982ರಿಂದ ನಗರದ ಕ್ಯಾನ್ಸರ್ ನೋಂದಣಿ ನಡೆಯುತ್ತಿದೆ, ಇಲ್ಲಿನ ಹೆಂಗಸರಲ್ಲಿ ಎಲ್ಲಕ್ಕಿಂತ ಜಾಸ್ತಿ ಇರೋದು ಸ್ತನ ಕ್ಯಾನ್ಸರೇ. ಅಮೆರಿಕದಲ್ಲಿ ಇದು ಪತ್ತೆಯಾಗುವ ಮಧ್ಯದ ವಯಸ್ಸು 62, ನಮ್ಮಲ್ಲಿ ಅದಕ್ಕಿಂತ ಸುಮಾರು ಹತ್ತು ವರ್ಷ ಕಡಿಮೆ. ಇದಕ್ಕೆ ದೊಡ್ಡ ಕಾರಣ ನಮ್ಮ ಜನಸಂಖ್ಯೆಯೇ ಚಿಕ್ಕ ವಯಸ್ಸಿನದು ಅನ್ನೋದು. ಅಲ್ಲಿನ 29ರ ಹುಡುಗಿಗಿಂತ ಇಲ್ಲಿನ 29ರ ಹುಡುಗಿಗೆ ಅಪಾಯ ಜಾಸ್ತಿ ಅಂತೇನೂ ಇಲ್ಲ. ತಂಗಿ ಏನು ತಿಂದಳು, ಯಾವ ಬ್ರಾ ಹಾಕಿದಳು, ಎಷ್ಟು ಹೊತ್ತು ಲ್ಯಾಪ್‌ಟಾಪ್ ಮುಂದೆ ಕೂತಳು ಅಂತ ಮನೆಯಲ್ಲಿ ತನಿಖೆ ಬೇಡ.

ಎರಡೂ ಎದೆ ತೆಗೆಸೋದು. ಗಂಟಷ್ಟೇ ತೆಗೆದು ರೇಡಿಯೇಷನ್ ಕೊಡೋದಕ್ಕೂ ಇಡೀ ಎದೆ ತೆಗೆಯೋದಕ್ಕೂ ಬದುಕುಳಿಯುವ ಲೆಕ್ಕದಲ್ಲಿ ವ್ಯತ್ಯಾಸ ಇಲ್ಲ ಅನ್ನೋದು 20 ವರ್ಷ ಹಿಂಬಾಲಿಸಿ ನೋಡಿದ ಅಧ್ಯಯನಗಳಲ್ಲಿ ಸಾಬೀತಾಗಿದೆ. ಚಿಕ್ಕವರಲ್ಲಿ ಅದೇ ಎದೆಯಲ್ಲಿ ಮರಳಿ ಬರುವ ಸಾಧ್ಯತೆ ಸ್ವಲ್ಪ ಜಾಸ್ತಿ, ಅದಕ್ಕೇ ಗಂಟು ಇದ್ದ ಜಾಗಕ್ಕೆ ಹೆಚ್ಚುವರಿ ರೇಡಿಯೇಷನ್ ಕೊಡುತ್ತಾರೆ. ಜನ ಕರೆಂಟ್ ಕೊಡೋದು ಅಂತಾರಲ್ಲ, ಅದೇ. ಕಿಮೋ ಮೊದಲು ಕೊಡುತ್ತಿರೋದರಿಂದ ಗಂಟು ಕುಗ್ಗಿದರೆ ಎದೆ ಉಳಿಸಿಕೊಳ್ಳೋದು ಇನ್ನೂ ಸುಲಭ. ಕಿಮೋಗೆ ಮೊದಲೇ ಗಂಟಿನ ಜಾಗದಲ್ಲಿ ಲೋಹದ ಪುಟ್ಟ ಕ್ಲಿಪ್ ಇಡಿಸಿ, ಪೂರ್ತಿ ಕರಗಿಹೋದರೆ ಸರ್ಜನ್‌ಗೆ ಜಾಗ ಗೊತ್ತಾಗಬೇಕಲ್ವಾ. ಚೆನ್ನಾಗಿರುವ ಇನ್ನೊಂದು ಎದೆಯನ್ನು ಭಯಕ್ಕೆ ತೆಗೆಸೋದರಿಂದ ಆಯುಸ್ಸು ಹೆಚ್ಚೋದಿಲ್ಲ. ಬಿಆರ್‌ಸಿಎ ಅನ್ನೋ ವಂಶವಾಹಿಯಲ್ಲಿ ದೋಷ (ಹುಟ್ಟಿನಿಂದಲೇ ಬರುವ, ಸ್ತನ ಕ್ಯಾನ್ಸರಿನ ಅಪಾಯ ಹೆಚ್ಚಿಸುವ ದೋಷ) ಇದ್ದರೆ ಮಾತ್ರ ಆ ಮಾತು ಬೇರೆ.

ಆ ಪರೀಕ್ಷೆ ನಿಮ್ಮ ತಂಗಿಗೆ ಮಾಡಿಸಲೇಬೇಕು, ಮನೆಯಲ್ಲಿ ಬೇರೆ ಯಾರಿಗೂ ಕ್ಯಾನ್ಸರ್ ಇಲ್ಲದಿದ್ದರೂ. ಇಷ್ಟು ಚಿಕ್ಕ ವಯಸ್ಸೇ ಸಾಕಷ್ಟು ಕಾರಣ. ಸ್ವಲ್ಪ ರಕ್ತ ಕೊಟ್ಟರೆ ಆಯಿತು, ವರದಿಗೆ ಕೆಲವು ವಾರ ಬೇಕು, ಕಿಮೋ ಅದರ ಪಾಡಿಗೆ ನಡೆಯುತ್ತಿರಲಿ. ದೋಷ ಇದ್ದರೂ ಅದು ಸಾವಿನ ಚೀಟಿ ಅಲ್ಲ. ಮೇಲೆ ಹೇಳಿದ ಪಾಶ್ ಅಧ್ಯಯನದಲ್ಲೇ ಬಿಆರ್‌ಸಿಎ ದೋಷ ಇದ್ದವರು ನೂರಕ್ಕೆ 12 ಜನ, ಅವರ ಹತ್ತು ವರ್ಷದ ಉಳಿವಿಗೂ ಉಳಿದವರದಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ. ವರದಿಯಲ್ಲಿ "ಅರ್ಥ ಖಚಿತವಿಲ್ಲದ ಬದಲಾವಣೆ" ಅಂತ ಬಂದರೆ ಅದನ್ನೇ ದೋಷ ಅಂದುಕೊಂಡು ಆಪರೇಷನ್‌ಗೆ ಓಡಬೇಡಿ.

ಮತ್ತೆ ಮಗುವಿನ ಮಾತು. 2023ರಲ್ಲಿ ಬಂದ ಪಾಸಿಟಿವ್ ಅನ್ನೋ ಹೆಸರಿನ ಅಧ್ಯಯನದಲ್ಲಿ 42 ವರ್ಷದೊಳಗಿನ 500ಕ್ಕೂ ಹೆಚ್ಚು ಮಹಿಳೆಯರು ಒಂದೂವರೆಯಿಂದ ಎರಡೂವರೆ ವರ್ಷ ಹಾರ್ಮೋನ್ ಚಿಕಿತ್ಸೆ ತೆಗೆದುಕೊಂಡು, ಆಮೇಲೆ ಮಗುವಿಗಾಗಿ ಹೆಚ್ಚೆಂದರೆ 2 ವರ್ಷ ನಿಲ್ಲಿಸಿದರು. ನೂರಕ್ಕೆ 74 ಜನ ಗರ್ಭಿಣಿಯಾದರು. 3 ವರ್ಷಕ್ಕೆ ಮರುಕಳಿಸಿದ್ದು ಶೇ. 8.9, ನಿಲ್ಲಿಸದೆ ಇದ್ದ ಹೋಲಿಕೆಯ ಗುಂಪಿನಲ್ಲಿ ಶೇ. 9.2. ತುಂಬಾ ಸಮಾಧಾನ ಕೊಡುವ ಅಂಕಿ. ಆದರೆ ಅದರಲ್ಲಿದ್ದ ಹೆಚ್ಚಿನವರ ಗ್ರಂಥಿಗೆ ಕ್ಯಾನ್ಸರ್ ಬಂದಿರಲಿಲ್ಲ, ಹಾರ್ಮೋನ್ ಪಾಸಿಟಿವ್ ಕ್ಯಾನ್ಸರ್ 10, 15 ವರ್ಷದ ಮೇಲೂ ತಲೆ ಎತ್ತಬಹುದು. ನಿಮ್ಮ ತಂಗಿಗೆ ಅವಸರ ಇಲ್ಲ. ಈಗ 29. ಚಿಕಿತ್ಸೆ ಮುಗಿಸಿ, ಎರಡು ಎರಡೂವರೆ ವರ್ಷ ಇಂಜೆಕ್ಷನ್, ಮಾತ್ರೆ ಸರಿಯಾಗಿ ತೆಗೆದುಕೊಂಡರೂ 33ರ ಆಸುಪಾಸು ಆಗುತ್ತದೆ. ಅಬೆಮಾಸಿಕ್ಲಿಬ್ ಕೊಟ್ಟರೆ ಅದೂ ಅಷ್ಟರಲ್ಲಿ ಮುಗಿದಿರುತ್ತದೆ. ಆಮೇಲೆ ಮತ್ತೆ ಮಾತ್ರೆಗೆ ವಾಪಸ್ ಬರಬೇಕು, ಅದು ಷರತ್ತು.

ನಾಟಿ ಔಷಧಿ ಬೇಡ. ದೊಡ್ಡಪ್ಪನಿಗೆ ಪ್ರೀತಿ ಇದೆ, ಅವರ ಜೊತೆ ಜಗಳ ಆಡಬೇಡಿ. ಅಮೆರಿಕದಲ್ಲಿ ಮುಖ್ಯ ಚಿಕಿತ್ಸೆ ಬಿಟ್ಟು ಬೇರೆ ಪದ್ಧತಿಯನ್ನೇ ನಂಬಿದ ಸ್ತನ ಕ್ಯಾನ್ಸರ್ ರೋಗಿಗಳಲ್ಲಿ ಸಾವಿನ ಅಪಾಯ 5 ಪಟ್ಟಿಗೂ ಜಾಸ್ತಿ ಇತ್ತು. ಕಿಮೋ ಜೊತೆಗೇ ಕೊಡೋಣ ಅಂದರೂ ಬೇಡ, ಲಿವರ್‌ಗೆ ಪೆಟ್ಟಾದರೆ ಕಿಮೋವನ್ನೇ ನಿಲ್ಲಿಸಬೇಕಾಗುತ್ತದೆ. ದೊಡ್ಡಪ್ಪನಿಗೆ ಕಿಮೋ ದಿನ ಜೊತೆಗೆ ಬರುವ ಕೆಲಸ ಕೊಡಿ.

ದುಡ್ಡಿನ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ತಂಗಿ ಈಗ ಕೆಲಸಕ್ಕೆ ರಾಜೀನಾಮೆ ಕೊಡೋದು ಬೇಡ. ಕಂಪನಿಯ ಗುಂಪು ವಿಮೆ ಕೆಲಸದ ಜೊತೆಗೇ ಹೋಗಿಬಿಡುತ್ತದೆ, ಕ್ಯಾನ್ಸರ್ ಆದ ಮೇಲೆ ಹೊಸ ಪಾಲಿಸಿ ಸಿಗೋದು ಬಹಳ ಕಷ್ಟ. ರಜೆ ತೆಗೆದುಕೊಳ್ಳಲಿ, ಮನೆಯಿಂದ ಕೆಲಸ ಕೇಳಲಿ. ವಿಮೆ ಸಾಲದಿದ್ದರೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಇದೆ. ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ, ಎಪಿಎಲ್ ಆದರೆ ಪ್ಯಾಕೇಜ್ ದರದ ಶೇ. 30, ಗರಿಷ್ಠ 1.5 ಲಕ್ಷ. ಎಷ್ಟೋ ಮಧ್ಯಮ ವರ್ಗದ ಮನೆಗಳಿಗೆ ಎಪಿಎಲ್‌ಗೂ ಇದು ಸಿಗುತ್ತೆ ಅಂತ ಗೊತ್ತೇ ಇಲ್ಲ.

ಗಂಡಿನ ಕಡೆಯವರಿಗೆ ಏನು ಹೇಳೋದು ಅಂದಿರಿ. ಮುಚ್ಚಿಟ್ಟು ಮದುವೆ ಮಾಡಬೇಡಿ. ದಿನಾ ಮಾತ್ರೆ, ತಿಂಗಳಿಗೊಂದು ಇಂಜೆಕ್ಷನ್, ಇಷ್ಟನ್ನು ಹೊಸ ಮನೆಯಲ್ಲಿ ಬಚ್ಚಿಡಬೇಕಾದರೆ ಮೊದಲು ಬಿಟ್ಟುಹೋಗೋದು ಆ ಮಾತ್ರೆಯೇ. ಆದರೆ ಹೇಳಬೇಕಾದವಳು ನಿಮ್ಮ ತಂಗಿ, ಮೊದಲು ಆ ಹುಡುಗನಿಗೆ, ಅವಳಿಗೆ ಸರಿ ಅನಿಸಿದಾಗ. ಹಿರಿಯರು ಕೂತು ಮಾತಾಡಿ ಅವಳಿಗೆ ಆಮೇಲೆ ತಿಳಿಸೋದು ಆಗಬಾರದು. ಹುಡುಗನಿಗೆ ಸಂಶಯ ಇದ್ದರೆ ಅವಳ ಒಪ್ಪಿಗೆ ಪಡೆದು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಿ. ಇದು ಅಂಟೋದಿಲ್ಲ, ಜೊತೆ ಮಲಗಿದರೂ ಅಂಟೋದಿಲ್ಲ. ಅವನು ಹಿಂದೆ ಸರಿದರೆ ಆ ವಾರವೂ ಕಿಮೋ ತಪ್ಪದ ಹಾಗೆ ನೀವು ಮನೆಯವರು ನೋಡಿಕೊಳ್ಳಿ.

ನಿಮ್ಮ ಬಗ್ಗೆ ನೀವು ಒಂದು ಮಾತೂ ಕೇಳಿಲ್ಲ. ತಂಗಿಯ ವಂಶವಾಹಿ ವರದಿಯಲ್ಲಿ ದೋಷ ಬಂದರೆ ನಿಮಗೂ, ನಿಮ್ಮ ಅಣ್ಣತಮ್ಮಂದಿರಿಗೂ ಅದು ಇರುವ ಸಾಧ್ಯತೆ ಅರ್ಧಕ್ಕರ್ಧ. ಅಪ್ಪನ ಕಡೆಯಿಂದಲೂ ಬಂದಿರಬಹುದು, ಗಂಡಸರಿಂದ ಹೆಣ್ಣುಮಕ್ಕಳಿಗೂ ಹೋಗುತ್ತದೆ. ಆಗ ಆ ಒಂದೇ ದೋಷವನ್ನು ನಿಮ್ಮ ರಕ್ತದಲ್ಲಿ ಹುಡುಕಿದರೆ ಸಾಕು, ದೊಡ್ಡ ಪರೀಕ್ಷೆ ಬೇಡ. ನಿಮ್ಮಲ್ಲೂ ಇದ್ದರೆ 25 ದಾಟಿದವರಿಗೆ ವರ್ಷಕ್ಕೊಮ್ಮೆ ಎದೆಯ ಎಂಆರ್‌ಐ, 30 ದಾಟಿದರೆ ಜೊತೆಗೆ ಮ್ಯಾಮೊಗ್ರಾಮ್. ವರದಿಯಲ್ಲಿ ಏನೂ ಇಲ್ಲ ಅಂತ ಬಂದರೂ, ತಂಗಿಗೆ ಇಷ್ಟು ಬೇಗ ಬಂದಿರೋದರಿಂದ ನಿಮ್ಮ ಅಪಾಯ ಉಳಿದವರಿಗಿಂತ ಸ್ವಲ್ಪ ಜಾಸ್ತಿಯೇ. ಯಾವ ವಯಸ್ಸಿನಿಂದ ಯಾವ ಪರೀಕ್ಷೆ ಅಂತ ತಂಗಿಯ ಡಾಕ್ಟರನ್ನೇ ಕೇಳಿ ಬರೆಸಿಕೊಳ್ಳಿ. ಅವಳ ಬಯಾಪ್ಸಿ ಮತ್ತು ವಂಶವಾಹಿ ವರದಿಯ ಒಂದೊಂದು ಪ್ರತಿ ನಿಮ್ಮ ಹತ್ತಿರವೂ ಇರಲಿ, ಮುಂದೆ ನಿಮ್ಮನ್ನು ನೋಡುವ ಡಾಕ್ಟರ್ ಮೊದಲು ಕೇಳೋದು ಅದನ್ನೇ.